‘ಇಲ್ಲ’ ಎನ್ನದೆಯೇ ಮುಚ್ಚಿದ ಹಜಾರ

ಕೊರೊನಾ ಮುಗಿದು ಜನ ಮಾಸ್ಕುಗಳನ್ನು ಬೀರುವಿನ ಮೂಲೆಗೆ ಎಸೆದ ವರ್ಷ ನಾನು ತಿ. ನರಸೀಪುರದ ಹೊಳೆಬದಿ ಛತ್ರದ ಗೌರವ ಸಂಯೋಜಕಿಯಾದೆ. ಅದಕ್ಕೆ ಮುಂಚೆ ನನಗಿದ್ದ ಉದ್ಯೋಗವೆಂದರೆ ಮನೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಪಶುವೈದ್ಯರೊಬ್ಬರನ್ನು ಮದುವೆಯಾಗಿ ಈ ಊರಿಗೆ ಬಂದವಳು ನಾನು. ಇಬ್ಬರು ಹೆಣ್ಣುಮಕ್ಕಳು ದೊಡ್ಡವರಾಗಿ ತಮ್ಮ ಪಾಡಿಗೆ ತಾವಿದ್ದರು. ಛತ್ರದ ದುರಸ್ತಿಗೆ ಬಂದ ಆರ್ಕಿಟೆಕ್ಟ್‌ಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವವರು ಬೇಕಾಗಿತ್ತು, ಹಾಗಾಗಿ ನನ್ನನ್ನು ಕರೆದರು. ಯಾರೊಂದಿಗೂ ಜಗಳವಾಡದ ಹೆಂಗಸು ಎಂಬ ಹೆಸರೂ ನನಗಿತ್ತು. ಪತ್ರಕ್ಕಿಂತ ಆ ಹೆಸರೇ ಅವರಿಗೆ ಹೆಚ್ಚು ಬೇಕಾಗಿತ್ತು ಎಂಬುದು ಆಮೇಲೆ ತಿಳಿಯಿತು.

ಛತ್ರ ಅರಸರ ಕಾಲದ್ದು. ಸಂಗಮದಲ್ಲಿ ಅಸ್ಥಿ ಬಿಡಲು ದೂರದಿಂದ ಬಂದವರು ಅಡುಗೆ ಮಾಡಿಕೊಂಡು ಮಲಗಿ ಎದ್ದು ಹೋಗಲೆಂದು ಕಟ್ಟಿಸಿದ್ದು. ನಾನು ಮದುವೆಯಾಗಿ ಬಂದಾಗ ಅದು ಗೋದಾಮಾಗಿತ್ತು. ಆಮೇಲೆ ಬಾವಲಿಗಳ ಮನೆಯಾಯಿತು. ಸರ್ಕಾರದ ಅನುದಾನ ಬಂದು ದುರಸ್ತಿ ಶುರುವಾದಾಗ ಮೊದಲು ಮಾಡಿದ ಕೆಲಸ, ಯಾವಾಗಲೋ ಯಾರೋ ಬಳಿದಿದ್ದ ಸಿಮೆಂಟನ್ನು ಕಿತ್ತು ತೆಗೆದದ್ದು. ಹಳೆಯ ಗೋಡೆಗೆ ಸಿಮೆಂಟು ಆಗಿಬರುವುದಿಲ್ಲ, ಒಳಗಿನ ತೇವ ಹೊರಗೆ ಬರಲಾರದೆ ಇಟ್ಟಿಗೆಯನ್ನೇ ತಿನ್ನುತ್ತದೆ. ಸುಣ್ಣವನ್ನು ವಾರಗಟ್ಟಲೆ ನೆನೆಸಿ, ಮರಳು ಬೆರೆಸಿ, ಬೆಲ್ಲದ ನೀರು ಹಾಕಿ ಗಾರೆ ಅರೆದರು. ಇಡೀ ಬೀದಿಗೆ ಬೆಲ್ಲದ ವಾಸನೆ. ಇರುವೆಗಳಿಗೆ ಹಬ್ಬ.

ಆರ್ಕಿಟೆಕ್ಟ್ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಮಾತು ‘ಅಡಾಪ್ಟಿವ್ ರೀಯೂಸ್’. ಹಳೆಯ ಕಟ್ಟಡವನ್ನು ಶೋಕೇಸಿನ ಗೊಂಬೆಯ ಹಾಗೆ ಕೂರಿಸದೆ ಇವತ್ತಿನ ಜನರ ಬಳಕೆಗೆ ಒದಗಿಸುವುದು ಎಂದು ಅದರ ಅರ್ಥ. ಜನ ಓಡಾಡದ ಕಟ್ಟಡ ಮತ್ತೆ ಹಾಳಾಗುತ್ತದೆ, ಅದಕ್ಕೇ ಎಲ್ಲ ಸಮುದಾಯದವರಿಗೂ ಬಾಗಿಲು ತೆರೆದಿರಬೇಕೆಂಬುದು ಅನುದಾನದ ಷರತ್ತು. ಅದನ್ನು ನೋಡಿಕೊಳ್ಳಲು ಊರಿನ ಪ್ರಮುಖರದೊಂದು ಸಮಿತಿ. ಅಧ್ಯಕ್ಷರು ರೈಸ್ ಮಿಲ್ಲಿನ ರಾಜಣ್ಣನವರು. ಎಂದೂ ದನಿ ಎತ್ತದ ಮನುಷ್ಯ. ಯಾರೇ ಎದುರಾದರೂ ಮೊದಲ ಮಾತು, “ಕಾಫಿ ಆಯ್ತಾ?”

ಯಾವ ದಿನ ಯಾವ ಭಾಗ ಯಾರಿಗೆ ಎಂದು ನಿಗದಿ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ವಯಸ್ಸಾದವರ ಯೋಗ, ಮಧ್ಯಾಹ್ನ ಹೆಂಗಸರ ಹೊಲಿಗೆ ತರಗತಿ, ಸಂಜೆ ಪಕ್ಕದ ಕೋಣೆಯಲ್ಲಿ ಮಕ್ಕಳ ಓದುಮನೆ. ನಡುವಿನ ದೊಡ್ಡ ಹಜಾರ ಮದುವೆ, ನಾಮಕರಣ, ಸೀಮಂತಕ್ಕೆ. ಹೊಳೆಯ ಕಡೆಗಿರುವ ಹಿಂದಿನ ಪಡಸಾಲೆ ತಿಥಿ, ಉತ್ತರಕ್ರಿಯೆಗಳಿಗೆ. ಇವೆರಡೂ ಒಂದನ್ನೊಂದು ಸೋಕದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸದ ಅರ್ಧ ಭಾಗ. ನಡುವಿನ ಬಾಗಿಲಿಗೆ ಯಾವಾಗಲೂ ಚಿಲಕ. ಅಸ್ಥಿ ತರುವವರು ಹೊಳೆಯ ಮೆಟ್ಟಿಲ ಕಡೆಯಿಂದಲೇ ಬರಬೇಕು. ತಿಥಿಯ ಪಾತ್ರೆಗಳೇ ಬೇರೆ, ಅವುಗಳ ಅಂಚಿಗೆ ಕೆಂಪು ಬಣ್ಣ ಬಳಿದಿತ್ತು. ಒಮ್ಮೆ ನಿಶ್ಚಿತಾರ್ಥಕ್ಕೆ ಬಂದವರೊಬ್ಬರು, ಹಿಂದಿನ ನಲ್ಲಿಯ ಹತ್ತಿರ ತಲೆ ಬೋಳಿಸಿಕೊಂಡು ನಿಂತಿದ್ದ ಗಂಡಸನ್ನು ಕಿಟಕಿಯಿಂದ ಕಂಡು, ತಟ್ಟೆಯಲ್ಲಿ ಜೋಡಿಸಿದ್ದ ಹಣ್ಣುಗಳನ್ನೂ ಬಿಟ್ಟು ಹೊರಟುಹೋದರು. ಮರುದಿನವೇ ಆ ಕಿಟಕಿಗೆ ಪರದೆ ಹಾಕಿಸಿದೆವು. ದೊಡ್ಡ ಹಜಾರದಲ್ಲಿ ಸಾವಿನ ಕಾರ್ಯ ಎಂದೂ ಆಗಿರಲಿಲ್ಲ.

ಓದುಮನೆಯನ್ನು ನಡೆಸುತ್ತಿದ್ದವಳು ಸುಮಾ. ಬಿ.ಎಡ್. ಮುಗಿಸಿದ್ದ ಹುಡುಗಿ. ತಂದೆ ಸಿದ್ದಯ್ಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೊಳೆಯಿಂದ ಮೇಲಕ್ಕೆ, ಊರಾಚೆಯ ಕೇರಿಯಲ್ಲಿ ಮನೆ. ಅವಳು ಹೈಸ್ಕೂಲಿನಲ್ಲಿದ್ದಾಗಲೇ ಮನೆಯವರೆಲ್ಲ ಬೌದ್ಧರಾಗಿದ್ದರು. ಬಾವಲಿಗಳ ಗಲೀಜು ತೆಗೆಯುವ ದಿನಗಳಲ್ಲೇ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಕೇಳದೆಯೇ ಕೆಲಸಕ್ಕೆ ಬಂದವಳು ಅವಳು. ಅಧ್ಯಕ್ಷರ ಮೊಮ್ಮಗನಿಗೆ ಕಾಗುಣಿತ ತಿದ್ದಿಸಿದ್ದೂ ಅವಳೇ. ಅತಿಥಿಗಳು ಬಂದರೆ ರಾಜಣ್ಣನವರು ಅವಳನ್ನು ಮುಂದೆ ಕರೆದು ತೋರಿಸುತ್ತಿದ್ದರು. “ನಮ್ ಸುಮಾ. ಈ ಛತ್ರಕ್ಕೆ ಜೀವ ತುಂಬಿದ್ದೇ ಇವಳು.”

ಆ ಸುಮಾ ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಚಾಪೆ ಸುತ್ತುತ್ತ ನನ್ನನ್ನು ಕೇಳಿದಳು.

“ಅಕ್ಕಾ, ನನ್ ಮದುವೆ ಗೊತ್ತಾಗಿದೆ. ದೊಡ್ಡ ಹಜಾರ ನಮಗೆ ಸಿಗುತ್ತಾ?”

ಹುಡುಗ ಪ್ರಸನ್ನ, ನಂಜನಗೂಡಿನ ಐ.ಟಿ.ಐ.ಯಲ್ಲಿ ಬೋಧಕ. ಅವರ ಹಳ್ಳಿ ಕವಲಂದೆ. ಭಾನುವಾರದ ಮದುವೆ, ಬುದ್ಧನ ಪಟದ ಮುಂದೆ ಪಂಚಶೀಲ ಹೇಳಿ ಹಾರ ಬದಲಿಸುವುದು, ಆಮೇಲೆ ಊಟ. ಮಾತನಾಡುತ್ತ ಅವಳು ಹಜಾರದ ಮರದ ಕಂಬವೊಂದನ್ನು ಕೈಯಿಂದ ಸವರುತ್ತಿದ್ದಳು, ಧೂಳು ಇದೆಯೇ ಎಂದು ನೋಡುವವಳ ಹಾಗೆ. “ನಾನು ಮದುವೆ ಅಂತ ಆದ್ರೆ ಇಲ್ಲೇ ಅಂತ ಮನಸ್ಸಲ್ಲಿ ಇಟ್ಕೊಂಡಿದ್ದೆ ಅಕ್ಕಾ. ಇದು ನನ್ ಜಾಗ ಅಲ್ವಾ?”

ಮುಂದಿನ ಸಭೆಯಲ್ಲಿ ವಿಷಯ ಇಟ್ಟೆ. ರಾಜಣ್ಣನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ನಕ್ಕರು.

“ಇದ್ರಲ್ಲಿ ಕೇಳೋದೇನಿದೆ ಅಮ್ಮ? ಸರ್ಕಾರದ ದುಡ್ಡಲ್ಲಿ ಎದ್ದಿರೋ ಕಟ್ಟಡ, ಎಲ್ರದ್ದೂ. ಕೊಟ್ಬಿಡಿ. ಆ ಹುಡುಗಿಗೆ ಹೇಳ್ಬಿಡಿ.”

ಜವಳಿ ಅಂಗಡಿಯ ಸದಸ್ಯರೊಬ್ಬರು, “ಅವರದ್ರಲ್ಲಿ ಹೋಮ ಗೀಮ ಇಲ್ವಲ್ಲ, ಗೋಡೆಗೆ ಹೊಗೆ ಹಿಡಿಯೋ ಯೋಚ್ನೆ ಇಲ್ಲ ಬುಡಿ” ಎಂದರು. ಎಲ್ಲರೂ ನಕ್ಕರು. ನನಗೂ ಸಂತೋಷವಾಗಿತ್ತು. ಆದರೆ ಮನೆಗೆ ನಡೆದು ಬರುವಾಗ ಒಂದು ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಒತ್ತುತ್ತಿತ್ತು. ನಿನ್ನೆಯವರೆಗೆ ‘ನಮ್ ಸುಮಾ’ ಆಗಿದ್ದವಳು ಇವತ್ತು ‘ಆ ಹುಡುಗಿ’ ಆಗಿದ್ದಳು.

ಅದಾದ ಮೇಲೆ ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿತು. ಆ ಭಾನುವಾರದ ನಂತರ ಹಜಾರ ಹಿಡಿದಿದ್ದವರೆಲ್ಲ ತಮ್ಮದನ್ನು ಅದಕ್ಕೂ ಮುಂಚಿನ ದಿನಕ್ಕೆ ಹಾಕಿಕೊಡಿ ಎನ್ನುವವರೇ. “ಏನಿಲ್ಲ ಮೇಡಂ, ಅವರದಾಗೋಕೆ ಮುಂಚೆ ನಮ್ಮದು ಆಗ್ಬಿಟ್ರೆ ಒಳ್ಳೇದಿತ್ತು.” ‘ಅವರು’ ಯಾರು ಎಂದು ಯಾರೂ ಹೇಳಲಿಲ್ಲ. ಜಾಗ ಖಾಲಿಯಿಲ್ಲವೆಂದು ನಾನು ಎಲ್ಲರಿಗೂ ಸಮಾಧಾನದಿಂದ ಹೇಳಿದೆ. ಅವರೂ ಸಮಾಧಾನದಿಂದಲೇ ಫೋನಿಟ್ಟು ಅಧ್ಯಕ್ಷರಿಗೆ ಫೋನು ಮಾಡಿದರು.

ಮದುವೆಯ ವಾರ ಛತ್ರದ ಕಾವಲಿನ ಬೀರಪ್ಪ ನಮ್ಮ ಮನೆಯ ಗೇಟಿನ ಹತ್ತಿರ ಬಂದು ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

“ಅಮ್ಮಾರೇ, ಶನಿವಾರಕ್ಕೆ ಆ ಕೆಂಪ್ ಬಳ್ದಿರೋ ಪಾತ್ರೆನೆಲ್ಲ ದೊಡ್ಡಜಾರಕ್ಕೆ ಸಾಗ್ಸು ಅಂದವ್ರೆ ಅಧ್ಯಕ್ಷ್ರು. ನಾನೇ ತಪ್ ಕೇಳುಸ್ಕಂಡ್ನೋ ಏನೋ ಅಂತ ಬಂದೆ.”

“ದೊಡ್ಡ ಹಜಾರಕ್ಕಾ? ಯಾಕೆ?”

“ಮಿಲ್ನಲ್ಲಿ ಮೂಟೆ ಒರ್ತಿದ್ನಲ್ಲ, ಮೂಗೂರಿನ ನಂಜಯ್ಯ, ಅವ್ನ ತಿಥಿಯಂತೆ. ಹನ್ನೊಂದ್ನೇ ದಿನ. ನಡುಮಧ್ಯ ಎಡೆ ಇಕ್ಕಬೇಕಂತೆ.”

ನಂಜಯ್ಯ ತೀರಿಕೊಂಡದ್ದು ನನಗೆ ಗೊತ್ತಿತ್ತು. ಆದರೆ ನಮ್ಮ ಕಡೆ ಹಳ್ಳಿಗಳಲ್ಲಿ ತಿಥಿಯನ್ನು ಮನೆಯ ಮುಂದೆ ಚಪ್ಪರ ಹಾಕಿ ಮಾಡುತ್ತಾರೆ. ಮೂಗೂರಿನಿಂದ ಅದನ್ನು ಇಲ್ಲಿಗೇಕೆ ತರಬೇಕು? ನೇರ ಮಿಲ್ಲಿಗೆ ಹೋದೆ. ಆಫೀಸಿನ ದೇವರ ಪಟದ ಮೇಲೂ ಕ್ಯಾಲೆಂಡರಿನ ಮೇಲೂ ಸಣ್ಣಗೆ ತೌಡು ಕೂತಿತ್ತು. ರಾಜಣ್ಣನವರು ಎದ್ದು ನಿಂತು ಕುರ್ಚಿ ತೋರಿಸಿದರು.

“ಬನ್ನಿ ಅಮ್ಮ. ಕಾಫಿ ಆಯ್ತಾ?”

“ಶನಿವಾರ ದೊಡ್ಡ ಹಜಾರದಲ್ಲಿ ತಿಥಿಯಂತೆ. ಭಾನುವಾರ ಅಲ್ಲೇ ಸುಮಾ ಮದುವೆ ಇದೆ ಸಾರ್.”

“ಇದೆಯಲ್ಲ. ಯಾರು ಇಲ್ಲ ಅಂದ್ರು?”

“ಹಿಂದಿನ ಪಡಸಾಲೆ ಖಾಲಿ ಇದೆ.”

“ನಂಜಯ್ಯ ಬದುಕಿರೋ ತನಕ ಹಿಂದಿನ ಬಾಗಿಲಲ್ಲೇ ಬಂದ, ಹಿಂದಿನ ಬಾಗಿಲಲ್ಲೇ ಹೋದ. ಸತ್ತ ಮೇಲಾದ್ರೂ ಮುಂದಿನ ಬಾಗಿಲಲ್ಲಿ ಬರ್ಲಿ ಬುಡಿ ಅಮ್ಮ. ಕಾನ್ವೆಂಟಲ್ಲಿ ಓದಿರೋರು ನೀವು, ನಿಮಗೆ ಕನಿಕರ ನಾನು ಹೇಳ್ಕೊಡ್ಬೇಕಾ?”

“ಹಾಗಾದರೆ ಭಾನುವಾರ ಬೆಳಿಗ್ಗೆ ಪುಣ್ಯಾಹ ಮಾಡಿಸಿಬಿಡೋಣ” ಎಂದೆ. ಸೂತಕ ಕಳೆಯಲು ಪುರೋಹಿತರನ್ನು ಕರೆಸಿ ಮಂತ್ರದ ನೀರು ಚಿಮುಕಿಸುವುದು ಎಲ್ಲ ಛತ್ರಗಳಲ್ಲೂ ಇರುವ ಪದ್ಧತಿ.

ಅವರು ನಿಜವಾಗಿಯೂ ನೊಂದವರಂತೆ ತಲೆ ಅಲ್ಲಾಡಿಸಿದರು. “ಛೆ ಛೆ, ಅವರು ಬುದ್ಧನ ಕಡೆಯೋರು. ಸೂತಕ ಇಲ್ಲ, ಮೈಲಿಗೆ ಇಲ್ಲ ಅಂತ ಮೈಕ್ ಹಿಡ್ಕೊಂಡು ಹೇಳೋರು. ಅವರ ಮದುವೆಗೆ ನಾವು ಪುರೋಹಿತರನ್ನ ಕಳ್ಸಿದ್ರೆ ಅವಮಾನ ಅಲ್ವಾ? ತಿಥಿ ಆಗಿರೋ ಜಾಗ ಬೇಡ ಅನ್ಸಿದ್ರೆ ಅವರೇ ಬೇಡ ಅನ್ಲಿ. ನಾನಂತೂ ನನ್ನ ಬಾಯಲ್ಲಿ ಇಲ್ಲ ಅನ್ನಲ್ಲ.”

ಕನ್ನಡಕ ಮತ್ತೆ ಹಾಕಿಕೊಂಡರು. ಹುಡುಗ ಕಾಫಿ ತಂದಿಟ್ಟ. ಕಾಫಿ ಚೆನ್ನಾಗಿಯೇ ಇತ್ತು.

ಅನುದಾನದ ಕಚೇರಿಯ ಅಧಿಕಾರಿಯೊಬ್ಬರಿಗೆ ಫೋನು ಮಾಡಿದೆ. “ಬುಕಿಂಗ್ ಕ್ಯಾನ್ಸಲ್ ಆಗಿದೆಯಾ ಮೇಡಂ?” ಎಂದು ಕೇಳಿದರು. ಇಲ್ಲ ಎಂದೆ. “ಮತ್ತೆ ಯಾವುದರ ಮೇಲೆ ಕಂಪ್ಲೇಂಟು?” ಎಂದರು. ಇನ್ನು ಉಳಿದದ್ದು ಒಂದೇ ದಾರಿ. ಮೂಗೂರಿನ ಬಸ್ಸು ಹತ್ತಿದೆ.

ನಂಜಯ್ಯನ ಹೆಂಡತಿ ಚಿಕ್ಕತಾಯಮ್ಮ ಜಗುಲಿಯ ಮೇಲೆ ಕೂತಿದ್ದಳು. ನಾನು ಛತ್ರದವಳು ಎಂದು ತಿಳಿದ ಕೂಡಲೇ ಎದ್ದು ಕೈ ಮುಗಿದಳು. “ಮನೆ ಮುಂದೇನೇ ಚಪ್ಪರ ಆಕ್ಸಿ ಮಾಡುಮ ಅಂತಿದ್ದಿ ಕನವ್ವ. ಧಣಿಗೋಳು ಬುಡ್ನಿಲ್ಲ. ನಂಜಯ್ಯನ್ನ ದೊಡ್ಡೋರಂಗೆ ಕಳ್ಸುಮ ಅಂದ್ರು. ನಮ್ಮಂತೋರ ತಿಥಿ ಅಂತಾ ಜಾಗ್ದಲ್ಲಿ ಯಾರ್ ಮಾಡಾರು?” ಅವಳ ಕಣ್ಣು ತುಂಬಿತ್ತು, ಮುಖದಲ್ಲಿ ಗಂಡನಿಗೆ ಸಿಕ್ಕ ಮರ್ಯಾದೆಯ ಬೆಳಕಿತ್ತು. ಹಿಂದಿನ ಪಡಸಾಲೆಗೆ ಹೋಗು ಎಂದು ಆ ಹೆಂಗಸಿಗೆ ಹೇಳುವುದು ಹೇಗೆ? ಒಬ್ಬರ ಎದೆಗೆ ಇರಿಯಲು ಹೊರಟವರು ಇನ್ನೊಬ್ಬರ ದುಃಖವನ್ನು ಹಿಡಿಕೆಯಾಗಿ ಮಾಡಿಕೊಂಡಿದ್ದರು. ಚೂರಿಯನ್ನು ಕಿತ್ತುಕೊಳ್ಳಲು ಹೋದರೆ ಮೊದಲು ಗಾಯವಾಗುವುದು ಇವಳಿಗೆ. ಅವಳು ಕೊಟ್ಟ ಮಜ್ಜಿಗೆ ಕುಡಿದು ವಾಪಸಾದೆ.

ಅದೇ ಸಂಜೆ ಸುಮಾ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಂಗಳದಲ್ಲಿ ಐದು ಬಣ್ಣದ ಬೌದ್ಧ ಬಾವುಟಗಳನ್ನು ದಾರಕ್ಕೆ ಪೋಣಿಸುತ್ತಿದ್ದರು. ಸಿದ್ದಯ್ಯ ಉಗುರಿನ ಸಂದಿನ ಗ್ರೀಸನ್ನು ಕಡ್ಡಿಯಿಂದ ತೆಗೆಯುತ್ತ ಹೇಳಿದರು.

“ನಮ್ಗೆ ಸೂತಕ ಇಲ್ಲ ಮೇಡಂ. ಆ ಮಾತು ನಾವು ಬಾಯ್ಮಾತಿಗೆ ಹೇಳಿದ್ದಲ್ಲ. ಶನಿವಾರ ಅವರು ಸತ್ತೋರಿಗೆ ಉಣ್ಣಕ್ ಇಕ್ಕಲಿ, ಭಾನುವಾರ ನಾವು ಬದ್ಕಿರೋರಿಗೆ ಇಕ್ತೀವಿ.”

ಸುಮಾ, “ನಾನು ಕ್ಲೀನ್ ಮಾಡ್ಕೋತೀನಿ ಅಕ್ಕಾ. ಬಾವಲಿ ಗಲೀಜೇ ತೆಗ್ದಿದ್ದೀನಿ, ಎಲೆ ತೆಗಿಯಕ್ಕಾಗಲ್ವಾ?” ಎಂದಳು. ನಕ್ಕಳು. ಅವರ ಧೈರ್ಯ ಕಂಡು ನನಗೂ ಧೈರ್ಯ ಬಂತು.

ಶನಿವಾರ ತಿಥಿ ಜೋರಾಗಿಯೇ ಆಯಿತು. ಮುಂಬಾಗಿಲಲ್ಲಿ ರಾಜಣ್ಣನವರು ತಾವೇ ನಿಂತು ಎಲ್ಲರನ್ನೂ ಊಟಕ್ಕೆ ಕರೆದರು. ನಂಜಯ್ಯನ ಜೀವಮಾನದಲ್ಲಿ ಅವನ ಮನೆಗೆ ಕಾಲಿಡದವರೆಲ್ಲ ಬಂದು ಅವನ ಫೋಟೋಗೆ ಹೂ ಹಾಕಿದರು. ಎಡೆಯ ಮುಂದೆ ಕೂತ ಚಿಕ್ಕತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಮಧ್ಯಾಹ್ನಕ್ಕೆ ಬೀರಪ್ಪನನ್ನು ಮಿಲ್ಲಿನ ಕೆಲಸಕ್ಕೆಂದು ಕಳುಹಿಸಿಬಿಟ್ಟರು. ಎಂಜಲೆಲೆಗಳು ಬಿದ್ದಲ್ಲೇ ಬಿದ್ದಿದ್ದವು. ಸಂಜೆಯ ಹೊತ್ತಿಗೆ ನಾನು, ಸುಮಾ ಮತ್ತು ಅವಳ ಇಬ್ಬರು ಗೆಳತಿಯರು ಎಲೆ ಎತ್ತಿ, ನೆಲ ತೊಳೆದು, ಕಂಬಗಳನ್ನು ಒರೆಸಿದೆವು. ಫೋಟೋವನ್ನು ಜೋಪಾನವಾಗಿ ತೆಗೆದು ಹಿಂದಿನ ಪಡಸಾಲೆಯ ಗೂಡಿನಲ್ಲಿಟ್ಟು ದೀಪ ಹಚ್ಚಿದೆವು. ಬಾವುಟ ಕಟ್ಟಿದೆವು. ಹಜಾರ ಮತ್ತೆ ಮದುವೆಮನೆಯ ಹಾಗೆ ಕಂಡಿತು. ಮದುಮಗಳು ತನ್ನ ಮದುವೆಯ ಹಿಂದಿನ ಸಂಜೆ ತಿಥಿಯ ಎಲೆ ಎತ್ತಿದಳು ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಬಂದು ನೋಡುತ್ತೇನೆ, ಬುದ್ಧನ ಪಟ ಇಡಲೆಂದು ಬಿಟ್ಟಿದ್ದ ವೇದಿಕೆಯ ನಡುವೆ ನಂಜಯ್ಯನ ಫೋಟೋ, ಹೊಸ ಹಾರ, ಉರಿಯುವ ದೀಪ. ಫೋಟೋ ತೂಗುಹಾಕಲು ವೇದಿಕೆಯ ಹಿಂದಿನ ಗೋಡೆಗೆ ಹೊಸದಾಗಿ ಮೊಳೆ ಹೊಡೆದಿದ್ದರು. ಸುಣ್ಣದ ಗೋಡೆಗೆ ಮೊಳೆ ಹೊಡೆಯಬಾರದೆಂದು ನಾವೇ ಮಾಡಿಕೊಂಡಿದ್ದ ನಿಯಮ, ಒಡೆದ ಗಾರೆ ನೆಲದ ಮೇಲೆ ಹಿಟ್ಟಿನಂತೆ ಉದುರಿತ್ತು. ಬೀರಪ್ಪ ನನ್ನ ಮುಖ ನೋಡಲಿಲ್ಲ. “ಮೂರ್ ದಿನ ದೀಪ ಆರ್ಬಾರ್ದು, ಮುಟ್ಬ್ಯಾಡ ಅಂದವ್ರೆ ಅಮ್ಮಾರೇ. ನಾ ಏನ್ ಮಾಡ್ಲಿ?” ಎಂದವನೇ ಹಿಂದಿನ ಪಡಸಾಲೆಯ ಕಡೆ ಹೊರಟುಹೋದ. ಫೋಟೋ ತೆಗೆಯೋಣವೆಂದು ಕೈ ಚಾಚುವಷ್ಟರಲ್ಲಿ ಗಂಡಿನ ಕಡೆಯವರ ಟೆಂಪೊ ಬಂದೇಬಿಟ್ಟಿತು.

ಅವರ ಮುಖಗಳು ಆಗಲೇ ಬಿಗಿದಿದ್ದವು. ದಾರಿ ಕೇಳಲು ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿದಾಗ ಯಾರೋ ಕೇಳಿದ್ದರಂತೆ, “ಮದುವೆಗೆ ಬಂದ್ರಾ, ನೆನ್ನೆ ತಿಥಿಗೆ ಬಂದು ಉಳ್ಕೊಂಡ್ರಾ?” ಅಲ್ಲಿದ್ದವರೆಲ್ಲ ನಕ್ಕರಂತೆ. ಪ್ರಸನ್ನನ ಅಜ್ಜಿ ಕೆಂಪಮ್ಮ ಮೊದಲು ಇಳಿದಳು. ಬಿಳಿ ಸೀರೆ, ಕೈಯಲ್ಲಿ ಕೋಲು. ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿ ಸೀದಾ ವೇದಿಕೆಯ ಹತ್ತಿರ ಹೋಗಿ ನಿಂತಳು. ಫೋಟೋವನ್ನು ದಿಟ್ಟಿಸಿ ನೋಡಿ, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಜೋಡಿಸಿದಳು.

“ಯಾರಪ್ಪ ನೀನು ಪುಣ್ಯಾತ್ಮ? ತಣ್ಣಗಿರು.”

ಆಮೇಲೆ ನನ್ನ ಕಡೆ ತಿರುಗಿದಳು.

“ಈ ಚತ್ರದಲ್ಲಿ ತಿಥಿ ಮಾಡೋದು ಇಲ್ಲೇಯಾ ಕನವ್ವ?”

“ಇಲ್ಲ ಅಜ್ಜಿ. ಹಿಂದಿನ ಪಡಸಾಲೆಯಲ್ಲಿ.”

“ನೆನ್ನೆ ಅಲ್ಲಿ ಜಾಗ ಇರ್ನಿಲ್ವಾ?”

“ಇತ್ತು.”

“ಮತ್ಯಾಕ ಇಲ್ಲಿಗ್ ತಂದ್ರು?”

ನಾನು ನೆಲಕ್ಕೆ ಉದುರಿದ್ದ ಗಾರೆಯನ್ನು ಕಾಲಿನಿಂದ ಒತ್ತಟ್ಟಿಗೆ ಸರಿಸಿದೆ. ಅಜ್ಜಿಯೇ ನನ್ನ ಮೇಲೆ ಕನಿಕರಪಟ್ಟಳು.

“ಬುಡು, ಗೊತ್ತಾಯ್ತು. ಏಳ್ಲಾ ಪ್ರಸನ್ನ, ಓಗುಮ.”

ಪ್ರಸನ್ನನಿಗೆ ಗಾಬರಿ. “ಸೂತಕ ಗೀತಕ ಎಲ್ಲಾ ಸುಳ್ಳು ಅಂತ ನೀನೇ ಅಲ್ವಾ ಅಜ್ಜಿ ನಮ್ಗೆ ಹೇಳ್ಕೊಟ್ಟಿದ್ದು?”

“ಊಂ ಕಣ್ಲಾ. ಸತ್ತೋರ್ನ ಕಂಡ್ರೆ ನಂಗೇನ್ ಭಯ? ಈ ವಯಸ್ನಲ್ಲಿ ನಂಗೆ ಅವ್ರೇ ನಂಟ್ರು. ಈ ಸತ್ತೋನ್ನ ಎತ್ಕಂಡ್ ಬಂದು ನಮ್ ದಾರಿಗೆ ಅಡ್ಡ ಮಲಗ್ಸವ್ರಲ್ಲ, ಅವ್ರನ್ನ ಕಂಡ್ರೆ ಏಸ್ಗೆ. ಬ್ಯಾಡ ಅನ್ನಕ್ಕೆ ಬಾಯಿಲ್ದೋರ್ ಮನೇಲಿ ನಮ್ ಕೂಸು ತಲೆ ಬಗ್ಸಿ ಆರ ಆಕಿಸ್ಕಬಾರ್ದು.”

ಆಗ ಅಲಂಕಾರ ಮಾಡಿಕೊಳ್ಳುತ್ತಿದ್ದ ಸುಮಾ ಓದುಮನೆಯ ಕೋಣೆಯಿಂದ ಹೊರಗೆ ಬಂದಳು. ಮದುವೆಯ ಬಿಳಿ ಸೀರೆ, ಮುಡಿಯಲ್ಲಿ ಮಲ್ಲಿಗೆ. “ಅಜ್ಜಿ, ಬಿಟ್ಟು ಹೋದ್ರೆ ಅವರು ಗೆದ್ದಂಗಲ್ವಾ? ಇಲ್ಲಿ ನಾನು ದಿನಾ ದೀಪ ಹಾಕಿದ್ದೀನಿ, ಕಸ ಗುಡಿಸಿದ್ದೀನಿ. ನಾನು ಇಲ್ಲೇ ಆಗ್ತೀನಿ.”

ಅಜ್ಜಿ ಅವಳ ಗಲ್ಲ ಹಿಡಿದಳು. “ಕೂತ್ರೂ ಅವ್ರೇ ಗೆಲ್ಲಾದು ಕೂಸೇ. ನಾಳೆ ನಿನ್ ಮಗೀಗ್ ಜ್ವರ ಬರ್ಲಿ, ನಿನ್ ಗಂಡ ಸೈಕಲ್ನಿಂದ ಬೀಳ್ಲಿ, ತಿಥಿ ಮನೇಲಿ ಆದ ಮದ್ವೆ ಕನ್ರೀ ಅಂತ ಈ ಊರು ಆಡ್ಕತ್ತದೆ. ಸಾಯೋತಂಕ ಆಡ್ಕತ್ತದೆ. ನಿನ್ ಬಾಳ್ನ ಅವ್ರ ಬಾಯಿಗ್ ಕೊಡ್ಬ್ಯಾಡ.”

ಸುಮಾ ಒಮ್ಮೆ ಗೋಡೆಯ ಮೇಲಿನ ಫೋಟೋವನ್ನು, ಒಮ್ಮೆ ಓದುಮನೆಯ ಬಾಗಿಲನ್ನು ನೋಡಿದಳು. ಆಮೇಲೆ ಬಗ್ಗಿ ಸೀರೆಯ ನೆರಿಗೆಯನ್ನು ಕೈಯಲ್ಲಿ ಎತ್ತಿ ಹಿಡಿದು ಹೊರಟಳು. ಅರೆಬೆಂದ ಅನ್ನದ ಹಂಡೆಗಳನ್ನು ಬಟ್ಟೆ ಕಟ್ಟಿ ಟೆಂಪೊಗೆ ಏರಿಸಿದರು. ಓದುಮನೆಯ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದರು. ಏನಾಯಿತೆಂದು ತಿಳಿಯದೆ, ‘ಮಿಸ್, ಮಿಸ್’ ಎನ್ನುತ್ತ ತಿರುವಿನವರೆಗೂ ಅವಳ ಹಿಂದೆ ಓಡಿದರು.

ಸರಿಯಾಗಿ ಆ ಹೊತ್ತಿಗೆ ರಾಜಣ್ಣನವರು ಜರಿಯ ಪಂಚೆ ಉಟ್ಟು, ಬಣ್ಣದ ಕಾಗದ ಸುತ್ತಿದ ಉಡುಗೊರೆ ಹಿಡಿದು ಬಂದರು. “ಅಯ್ಯೋ, ಏನಾಯ್ತು ಸಿದ್ದಯ್ಯ? ಯಾಕೆ ಹೊರಟ್ಬಿಟ್ರಿ? ಮಕ್ಕಳಿಗೆ ಆಶೀರ್ವಾದ ಮಾಡೋಣ ಅಂತ ಬಂದೆ.”

ಸಿದ್ದಯ್ಯ ಟೆಂಪೊದ ಹಿಂಬಾಗಿಲು ಎಳೆದು ಹಾಕಿದರು. “ನಿಮ್ ಆಶೀರ್ವಾದ ನೆನ್ನೆನೇ ಸಿಕ್ತು ಸ್ವಾಮಿ.”

ಮದುವೆ ಕೇರಿಯ ಪುಟ್ಟ ಸಮುದಾಯ ಭವನದಲ್ಲಿ, ತಗಡಿನ ಚಾವಣಿಯ ಕೆಳಗೆ ಆಯಿತು. ನಾನೂ ಹೋಗಿದ್ದೆ. ಕೂರಲು ಜಾಗ ಸಾಲದೆ ಅರ್ಧ ಜನ ಬಿಸಿಲಲ್ಲಿ ನಿಂತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಮುಂದಿನ ವಾರ ಅಧ್ಯಕ್ಷರ ತಂಗಿಯ ಮಗಳ ನಿಶ್ಚಿತಾರ್ಥ ಅದೇ ಹಜಾರದಲ್ಲಿತ್ತು. ಪುರೋಹಿತರು ಬಂದು ಮಾವಿನೆಲೆಯಿಂದ ನೀರು ಚಿಮುಕಿಸಿದರು. ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ, ಸೂತಕ ಕಳೆಯಿತು. ನಂಜಯ್ಯನ ಫೋಟೋ ಕೆಂಪು ಅಂಚಿನ ಪಾತ್ರೆಗಳ ಜೊತೆ ಉಗ್ರಾಣ ಸೇರಿತ್ತು. ಊಟದ ಪಂಕ್ತಿಯಲ್ಲಿ ಜವಳಿ ಅಂಗಡಿಯವರು ಜೋರಾಗಿ ಹೇಳುತ್ತಿದ್ದರು. “ಬುದ್ಧ ಬುದ್ಧ ಅಂತಾರೆ. ಒಂದು ತಿಥಿ ಫೋಟೋ ಕಂಡಿದ್ದೇ ತಡ, ಆ ಮುದುಕಿ ಹೆಂಗ್ ಓಡ್ತು ಅಂತೀರಿ! ನಮಗಿಂತ ಹತ್ತು ಪಾಲು ಮೈಲಿಗೆ ಅವರಿಗೆ.” ಎಲೆಗಳ ಮುಂದೆ ಕೂತವರೆಲ್ಲ ನಕ್ಕರು. ಆ ಹುಡುಗಿಯಿಂದ ಹಜಾರವನ್ನು ಕಿತ್ತುಕೊಂಡದ್ದು ಅವರಿಗೆ ಸಾಲದಾಗಿತ್ತು. ಅವಳು ಎದ್ದುಹೋದ ಕಾರಣವನ್ನೂ ಕಿತ್ತುಕೊಂಡು, ಅದರ ಜಾಗದಲ್ಲಿ ತಮ್ಮದೊಂದನ್ನು ಇಟ್ಟಿದ್ದರು.

ಫೋಟೋ ತೆಗೆದುಕೊಂಡು ಹೋಗಲು ಚಿಕ್ಕತಾಯಮ್ಮ ಬಂದಳು. ಯಾರು ಹೇಳಿದ್ದರೋ, ಅವಳಿಗೆ ಎಲ್ಲ ಗೊತ್ತಾಗಿತ್ತು. ಉಗ್ರಾಣದ ಧೂಳನ್ನು ಸೆರಗಿನಿಂದ ಒರೆಸಿ ಗಂಡನ ಮುಖವನ್ನು ಎದೆಗೆ ತಿರುಗಿಸಿ ಹಿಡಿದಳು, ಅವನಿಗೆ ಆ ಹಜಾರ ಕಾಣಬಾರದು ಎಂಬಂತೆ. “ನನ್ ಗಂಡನ್ ತಿಥಿನ ಬೇಲಿ ಮಾಡ್ಕಂಡ್ರಲ್ಲವ್ವ” ಎಂದಳು. ಆವತ್ತು ಗಂಡನಿಗೆ ಸಿಕ್ಕಿತೆಂದುಕೊಂಡಿದ್ದ ಮರ್ಯಾದೆಯೂ ಅವಳ ಪಾಲಿಗೆ ಉಳಿಯಲಿಲ್ಲ.

ಮುಂದಿನ ಸಭೆಯಲ್ಲಿ ನಾನು ಜೀವನದಲ್ಲಿ ಮೊದಲ ಸಲ ಗಟ್ಟಿಯಾಗಿ ಮಾತಾಡಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಜ್ಜಿ ಕೈ ಮುಗಿದದ್ದನ್ನೂ, ಆಡಿದ ಮಾತನ್ನೂ ಹೇಳಿದೆ. ಎಲ್ಲರೂ ಶಾಂತವಾಗಿ ಕೇಳಿಸಿಕೊಂಡರು. ಕೊನೆಗೆ ರಾಜಣ್ಣನವರು ಬಹಳ ಮೃದುವಾಗಿ, “ಅಮ್ಮ, ನಾನು ಯಾವತ್ತಾದ್ರೂ ಇಲ್ಲ ಅಂದ್ನಾ? ನೀವೇ ಹೇಳಿ” ಎಂದರು. ಅವರು ಅಂದಿರಲಿಲ್ಲ. ನಾನು ಕೆಲಸ ಬಿಟ್ಟು ಮನೆಗೆ ಬಂದೆ. ಓದುಮನೆ ಕೆಲವು ತಿಂಗಳು ನಡೆದು ನಿಂತಿತು. ಛತ್ರದ ಫೋಟೋ ಈಗಲೂ ಪ್ರವಾಸಿ ಕೈಪಿಡಿಗಳಲ್ಲಿ ಬರುತ್ತದೆ, ಸಮುದಾಯ ಬಳಕೆಗೆ ಮಾದರಿ ಎಂಬ ಒಕ್ಕಣೆಯೊಂದಿಗೆ.

ಈಚೆಗೆ ನಂಜನಗೂಡಿನಲ್ಲಿ ಹಳೆಯ ಕಟ್ಟಡವೊಂದನ್ನು ದುರಸ್ತಿ ಮಾಡುತ್ತಿರುವ ಹೆಂಗಸರ ಗುಂಪಿನವರು ನನ್ನನ್ನು ಕರೆಸಿ, ನಿಮ್ಮ ಅನುಭವ ಹೇಳಿ ಎಂದರು. ಗಾರೆಯ ವಿಷಯ ಆರ್ಕಿಟೆಕ್ಟ್‌ಗಳು ಹೇಳುತ್ತಾರೆ, ನನಗೆ ಗೊತ್ತಿರುವುದು ಇಷ್ಟೇ ಎಂದೆ. ಕಟ್ಟಡ ಎಲ್ಲರದ್ದು ಎಂದು ಹೇಳುವುದು ಬಹಳ ಸುಲಭ. ಹಾಗೆ ಹೇಳಿದವರು ಯಾರಿಗೋ ಅದನ್ನು ಕೊಡಬಾರದೆಂದುಕೊಂಡಾಗ ಕೂಗಾಡುವುದಿಲ್ಲ, ಬಾಗಿಲು ಹಾಕುವುದಿಲ್ಲ. ಕನಿಕರ, ಸಂಪ್ರದಾಯ, ಮರ್ಯಾದೆ, ಯಾವುದು ಕೈಗೆ ಸಿಗುತ್ತದೋ ಅದನ್ನು ತಂದು ಬಾಗಿಲಲ್ಲಿ ಇಡುತ್ತಾರೆ, ಬಂದವರು ತಾವಾಗಿಯೇ ಹಿಂದಿರುಗಲಿ ಎಂದು. ಹಾಗೆ ಇಟ್ಟದ್ದನ್ನು ಕಂಡ ಕೂಡಲೇ, ಇಟ್ಟವರ ಬಾಯಿಂದಲೇ ‘ಇಲ್ಲ’ ಎನ್ನಿಸಿ. ನಾಲ್ಕು ಜನರ ಎದುರಿಗೆ ಎನ್ನಿಸಿ. ನಾನು ಕಲಿತ ಸೌಜನ್ಯದಿಂದ ಅದು ಆಗಲಿಲ್ಲ, ಏಕೆಂದರೆ ಅವರೂ ಅದೇ ಸೌಜನ್ಯದ ಭಾಷೆಯನ್ನು ನನಗಿಂತ ಚೆನ್ನಾಗಿ ಆಡಬಲ್ಲವರಾಗಿದ್ದರು.

ಆ ದಿನ ಸುಮಾಳನ್ನು ಕಂಡು ಬಂದೆ. ನಂಜನಗೂಡಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ. ಕೆಂಪಮ್ಮ ತೀರಿಕೊಂಡು ಕೆಲವು ತಿಂಗಳಾಗಿತ್ತು. ಇದನ್ನೆಲ್ಲ ಬರೆಯಲಾ ಎಂದು ಕೇಳಿದೆ.

“ಬರೀರಿ ಅಕ್ಕಾ. ಅಜ್ಜಿ ಹೆದರಿ ಓಡಿದ್ರು ಅಂತ ನರಸೀಪುರದಲ್ಲಿ ಈಗ್ಲೂ ಹೇಳ್ತಾರಂತೆ. ಅವರು ಆ ಫೋಟೋಗೆ ಕೈ ಮುಗಿದ್ರು ಅಂತ ಬರೀರಿ. ಅದನ್ನ ನೋಡಿದೋರಲ್ಲಿ ನಮ್ಮೋರಲ್ಲದೆ ಇದ್ದೋರು ನೀವೊಬ್ಬರೇ.”